ಬಣ್ಣವನ್ನು ಕೊನೆಗೆ ನೋಡಿ: ಚಿಪ್ಪಿಲ್ಲದ ಕಡಲ ಬಸವನಹುಳುಗಳನ್ನು ಗುರುತಿಸುವ ಬಗೆ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಮಡಿಕೇರಿಯಲ್ಲಿ ನಾವೆಲ್ಲ ಮನೆಯೊಳಗಿನವರಾಗುತ್ತೇವೆ. ಅರಬ್ಬಿ ಕಡಲೂ ಆಗ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಮುಳುಗುಗಾರರನ್ನು ಕರೆದೊಯ್ಯುವ ದೋಣಿಗಳು ಮುಂಗಾರು ಮುಗಿಯುವ ತನಕ ದಡ ಬಿಟ್ಟು ಕದಲುವುದಿಲ್ಲ. ನನಗೆ ಇದು ವಿಂಗಡಣೆಯ ಕಾಲ. ನನ್ನ ಅಕ್ಕನ ಮಗಳು ನೇತ್ರಾಣಿಯಲ್ಲಿ, ಲಕ್ಷದ್ವೀಪದಲ್ಲಿ, ಒಮ್ಮೆ ಬಾಲಿಯಲ್ಲಿ ನೀರಿಗಿಳಿದು ತೆಗೆದ ಫೋಟೋಗಳೆಲ್ಲ ಈ ತಿಂಗಳಲ್ಲಿ ನಮ್ಮ ಊಟದ ಮೇಜಿನ ಮೇಲೆ ಹರಡಿಕೊಂಡಿರುತ್ತವೆ.

ಕಳೆದ ಮಳೆಗಾಲದ ಒಂದು ಸಂಜೆ ಅವಳು ಮೂರು ಫೋಟೋಗಳನ್ನು ಸಾಲಾಗಿ ಇಟ್ಟು ಕೇಳಿದಳು: “ಚಿಕ್ಕಮ್ಮ, ಇವು ಮೂರೂ ಒಂದೇ ತಾನೆ? ಕಪ್ಪು ಮೈ, ನೀಲಿ ಏಣು, ಏಣಿನ ಮೇಲೆ ಹಳದಿ ಗಂಟು.”

“ಅಂಗಾಲು ಎಲ್ಲಿ, ತೋರಿಸು” ಎಂದೆ.

“ಅಂಗಾಲಿನ ಫೋಟೋ ಯಾರು ತೆಗೆಯುತ್ತಾರೆ?”

“ತೆಗೆಯದಿದ್ದರೆ ಮೂರಕ್ಕೂ ಒಂದೇ ಹೆಸರು ಬರೆಯುವುದು ಬೇಡ.”

ಆಕೆಗೆ ಬೇಸರವಾಯಿತು. ನನಗೂ ಹಿಂದೆ ಹೀಗೆಯೇ ಬೇಸರವಾಗಿತ್ತು. ನಾಲ್ಕು ವರ್ಷ ಒಂದು ಕಡತದ ಮೇಲೆ ‘ಫಿಲಿಡಿಯಾ ವೆರಿಕೋಸಾ’ ಎಂದು ಬರೆದಿಟ್ಟುಕೊಂಡು, ಅದರೊಳಗಿನ ಅರ್ಧಕ್ಕರ್ಧ ಚಿತ್ರಗಳು ಬೇರೆ ಜಾತಿಯವು ಎಂದು ತಿಳಿದ ದಿನ ಮತ್ತೆ ಮೊದಲಿನಿಂದ ವಿಂಗಡಿಸಲು ಕುಳಿತೆ. ಆ ಸಂಜೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮವಾಗಿ ಬರೆಯುತ್ತಿದ್ದೇನೆ. ಕಡಲಿಗೆ ದೂರವಿರುವ ನಮ್ಮಂಥವರು ವರ್ಷಕ್ಕೆ ಒಂದೆರಡು ಬಾರಿಯಷ್ಟೇ ಇವುಗಳನ್ನು ನೋಡುತ್ತೇವೆ. ಸಿಕ್ಕ ಅವಕಾಶದಲ್ಲಿ ಏನನ್ನು ನೋಡಬೇಕೆಂದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಆ ಬಣ್ಣ ಯಾರಿಗಾಗಿ ಇದೆ

ಚಿಪ್ಪನ್ನು ಬಿಟ್ಟುಕೊಟ್ಟ ಕಡಲ ಬಸವನಹುಳುಗಳಲ್ಲಿ ದೊಡ್ಡ ಗುಂಪಿನ ಹೆಸರು ನ್ಯೂಡಿಬ್ರಾಂಕ್. ‘ಬರಿಯ ಕಿವಿರು’ ಎಂಬುದು ಆ ಹೆಸರಿನ ಅರ್ಥ. ಅನೇಕ ಜಾತಿಗಳಲ್ಲಿ ಬೆನ್ನಿನ ಮೇಲೆ ಕಿವಿರುಗಳು ಹೂವಿನಂತೆ ತೆರೆದುಕೊಂಡಿರುವುದರಿಂದ ಆ ಹೆಸರು. ಚಿಪ್ಪಿಲ್ಲದ ಮೃದು ದೇಹ, ನಡಿಗೆಯಲ್ಲಿ ಅವಸರವಿಲ್ಲ, ಅಡಗುವ ಪ್ರಯತ್ನವಿಲ್ಲ. ಆದರೂ ಮೀನುಗಳು ಇವನ್ನು ಮುಟ್ಟುವುದು ಅಪರೂಪ, ಏಕೆಂದರೆ ಬಹಳಷ್ಟು ಜಾತಿಗಳ ಮೈಯಲ್ಲಿ ವಿಷವಿದೆ ಅಥವಾ ಸಹಿಸಲಾಗದ ರುಚಿಯಿದೆ. ಬಣ್ಣ ಅದರ ಎಚ್ಚರಿಕೆಯ ಫಲಕ.

ಈ ಫಲಕವನ್ನು ಹುಳುಗಳು ಒಂದಕ್ಕೊಂದು ತೋರಿಸಿಕೊಳ್ಳುವುದಿಲ್ಲ. ಅವುಗಳ ಕಣ್ಣು ಚರ್ಮದ ಅಡಿಯಲ್ಲಿ ಹುದುಗಿರುವ ಸಣ್ಣ ಬಿಂದು. ಬೆಳಕು ಕತ್ತಲೆಗಿಂತ ಹೆಚ್ಚಿನದೇನನ್ನೂ ಅದು ಕಾಣದು. ತಮ್ಮ ಜಾತಿಯವರನ್ನು ಅವು ವಾಸನೆಯಿಂದ, ಲೋಳೆಯ ಜಾಡಿನಿಂದ ಹುಡುಕುತ್ತವೆ. ಬಣ್ಣವನ್ನು ಓದುವುದು ಮೀನು. ಹಾಗಾಗಿ ಒಂದೇ ಪ್ರದೇಶದಲ್ಲಿರುವ ಹಲವು ವಿಷಕಾರಿ ಜಾತಿಗಳು ಒಂದೇ ಬಗೆಯ ಬಣ್ಣ ಹೊತ್ತರೆ ಎಲ್ಲಕ್ಕೂ ಲಾಭ: ಮೀನು ಒಮ್ಮೆ ಕಹಿ ಉಂಡು ಪಾಠ ಕಲಿತರೆ ಸಾಕು, ಆ ವೇಷದ ಎಲ್ಲವನ್ನೂ ಬಿಟ್ಟುಬಿಡುತ್ತದೆ. ನಾವು ಫೋಟೋ ಹಿಡಿದು ತಬ್ಬಿಬ್ಬಾಗುವುದಕ್ಕೆ ಕಾರಣ ಇಲ್ಲಿದೆ. ಮೀನನ್ನು ಒಂದೇ ಎಂದು ನಂಬಿಸಲು ಬೆಳೆದ ವೇಷ ನಮ್ಮನ್ನೂ ನಂಬಿಸುತ್ತದೆ.

ವಿಷ ಬರುವುದು ಊಟದಿಂದ. 1970ರ ದಶಕದಲ್ಲಿ ಹವಾಯಿಯ ರಸಾಯನವಿಜ್ಞಾನಿಗಳು ಫಿಲಿಡಿಯಾ ವೆರಿಕೋಸಾದ ಲೋಳೆಯಲ್ಲಿದ್ದ ವಿಷವನ್ನೇ ಅದು ತಿನ್ನುವ ಸ್ಪಂಜುಜೀವಿಯಲ್ಲೂ ಕಂಡರು. ಕೆಲವು ಜಾತಿಗಳಲ್ಲಿ ಮೈಬಣ್ಣವೂ ತಿಂದದ್ದನ್ನು ಅನುಸರಿಸುತ್ತದೆ. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಸಿರು ಸೊಪ್ಪನ್ನು ಕುದಿಸಿದರೆ ಪಾತ್ರೆಯ ತುಂಬ ಕಡು ನೇರಳೆ. ಆ ಬಣ್ಣ ನಮ್ಮ ಮೈಯೊಳಗೆ ಹಾದುಹೋದದ್ದಕ್ಕೆ ಮರುದಿನ ಸಾಕ್ಷಿಯೂ ಸಿಗುತ್ತದೆ. ಊಟ ಬದಲಾದರೆ ಬದಲಾಗುವ ಗುರುತನ್ನು ಕುಲದ ಗುರುತೆಂದು ಹಿಡಿಯುವುದು ಹೇಗೆ?

ಮೊದಲು ತೋಟದಲ್ಲಿ ಕಣ್ಣು ಪಳಗಲಿ

ಕಡಲಿಗೆ ಹೋಗುವ ಮುನ್ನ ಮನೆಯ ಹಿತ್ತಲಲ್ಲೇ ಅಭ್ಯಾಸ ಮಾಡಬಹುದು. ಅರೇಬಿಕಾ ಮತ್ತು ರೊಬಸ್ಟಾ ಗಿಡಗಳು ಹೊರಗಿನಿಂದ ಬಂದವರಿಗೆ ಒಂದೇ ಹಸಿರು ಪೊದೆಗಳು. ತೋಟದ ಮಕ್ಕಳು ಎಲೆಯ ಅಗಲ, ಎಲೆಯ ಮೇಲಿನ ಅಲೆ, ಗಂಟಿನಲ್ಲಿ ಹಣ್ಣು ಒತ್ತಾಗಿ ಕುಳಿತಿರುವ ರೀತಿ ನೋಡಿ ನಡೆಯುತ್ತಲೇ ಹೇಳುತ್ತಾರೆ. ಹಣ್ಣಿನ ಕೆಂಪನ್ನು ನೋಡಿ ಯಾರೂ ಹೇಳುವುದಿಲ್ಲ, ಏಕೆಂದರೆ ಕೆಂಪು ಎರಡರಲ್ಲೂ ಇದೆ. ಅದೇ ಕಣ್ಣು ಇಲ್ಲಿಗೂ ಬೇಕು.

ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ನೆರಳುಮರಗಳ ಕಾಂಡ ನೋಡಿ. ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಇಂಡ್ರೆಲ್ಲಾ ಆಂಪುಲ್ಲಾ ಎಂಬ ಬಸವನಹುಳು ನಿಮ್ಮ ಭಾಗ್ಯಕ್ಕೆ ಸಿಗಬಹುದು. ಹೊಳೆಯುವ ತೆಳು ಚಿಪ್ಪು. ಒಂದರ ಮೈ ಕಡು ಕೆಂಪು, ಇನ್ನೊಂದರ ಮೈ ಹಳದಿ, ಮತ್ತೊಂದು ನಸು ಬಿಳಿ. ಮೂರೂ ಒಂದೇ ಜಾತಿ. ಬಣ್ಣ ಬೇರೆಯಾದರೆ ಜಾತಿ ಬೇರೆ ಎಂಬ ನಂಬಿಕೆಯನ್ನು ಇದೊಂದೇ ಹುಳು ಮುರಿದುಹಾಕುತ್ತದೆ. ಅದರ ತಲೆಯ ನಾಲ್ಕು ಕೊಂಬುಗಳನ್ನು ಎಣಿಸಿ, ಮೇಲಿನ ಎರಡರ ತುದಿಯಲ್ಲಿ ಕಣ್ಣಿರುವುದನ್ನು ಗಮನಿಸಿ, ಬಲಮಗ್ಗುಲಲ್ಲಿ ಉಸಿರಾಟದ ತೂತು ತೆರೆದು ಮುಚ್ಚುವುದನ್ನು ಕಾದು ನೋಡಿ. ಈ ತಾಳ್ಮೆಯೇ ಕಡಲಲ್ಲೂ ಕೆಲಸಕ್ಕೆ ಬರುತ್ತದೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಅದರಲ್ಲೂ ತೋಟಗಳನ್ನು ಕಾಡುವ ಆಫ್ರಿಕಾದ ದೈತ್ಯ ಬಸವನಹುಳು ಮನುಷ್ಯನ ಮಿದುಳಿಗೆ ತೊಂದರೆ ಕೊಡಬಲ್ಲ ಪರಾವಲಂಬಿ ಹುಳುವನ್ನು ಹೊತ್ತಿರಬಹುದು.

ಹೂಕುಂಡದ ಅಡಿಯಲ್ಲಿ ಸುತ್ತಿಗೆಯಂತಹ ತಲೆಯ ಉದ್ದನೆಯ ಚಪ್ಪಟೆ ಹುಳು ಸಿಕ್ಕರೆ ಅದನ್ನೂ ನೋಡಿಟ್ಟುಕೊಳ್ಳಿ. ಕಡಲಲ್ಲಿ ನಮ್ಮನ್ನು ಎಲ್ಲರಿಗಿಂತ ಮೊದಲು ಮೋಸಗೊಳಿಸುವುದು ಅದರ ಸಂಬಂಧಿಗಳೇ.

ಇದು ಬಸವನಹುಳುವೇ?

ಹೆಸರು ಹುಡುಕುವ ಮೊದಲು ಈ ಪ್ರಶ್ನೆ ಕೇಳಬೇಕು. ಕಡಲ ಚಪ್ಪಟೆ ಹುಳುಗಳೂ ಅಷ್ಟೇ ಬಣ್ಣಬಣ್ಣದವು, ಕೆಲವಂತೂ ಬಸವನಹುಳುವಿನ ವೇಷವನ್ನೇ ಹಾಕಿಕೊಂಡಿರುತ್ತವೆ. 1994ರಲ್ಲಿ ವಿವರಿಸಲಾದ ಸ್ಯೂಡೋಸೆರಸ್ ಇಮಿಟೇಟಸ್ ಎಂಬುದು ಫಿಲಿಡಿಯೆಲ್ಲಾ ಪಸ್ಟುಲೋಸಾದ ನಕಲು, ಮೈಮೇಲಿನ ಗಂಟುಗಳವರೆಗೂ. ‘ಇಮಿಟೇಟಸ್’ ಎಂದು ಹೆಸರಿಟ್ಟದ್ದೂ ಅದಕ್ಕೇ.

ಬೇರ್ಪಡಿಸುವುದು ಕಷ್ಟವಲ್ಲ. ಚಪ್ಪಟೆ ಹುಳುವಿನ ಮೈ ಅಕ್ಕಿ ರೊಟ್ಟಿಗಿಂತಲೂ ತೆಳು, ಅಂಚು ಅಲೆಯಾಡುತ್ತದೆ, ಬಂಡೆಯ ಉಬ್ಬುತಗ್ಗುಗಳ ಮೇಲೆ ಬಟ್ಟೆಯಂತೆ ಮಡಚಿಕೊಂಡು ವೇಗವಾಗಿ ಹರಿದುಹೋಗುತ್ತದೆ. ತಲೆಯ ಮೇಲೆ ಕೊಂಬುಗಳಿಲ್ಲ. ಮುಂದಿನ ಅಂಚೇ ಎರಡು ಕಡೆ ಮೇಲಕ್ಕೆ ಮಡಚಿಕೊಂಡು ಕಿವಿಯಂತೆ ಕಾಣುತ್ತದೆ. ಬೆನ್ನ ಮೇಲೆ ಕಿವಿರಿನ ಹೂವೂ ಇಲ್ಲ. ಬಸವನಹುಳುವಿಗಾದರೆ ಮೇಲ್ಹೊದಿಕೆ ಬೇರೆ, ಅದರಡಿ ದಪ್ಪನೆಯ ಪಾದ ಬೇರೆ, ಮತ್ತು ತಲೆಯ ಮೇಲೆ ಚರ್ಮದಿಂದ ಎದ್ದುನಿಂತ ಎರಡು ಗಟ್ಟಿ ಕೊಂಬುಗಳು. ರೈನೋಫೋರ್ ಎಂದು ಕರೆಯುವ ಈ ಕೊಂಬುಗಳೇ ಅದರ ಮೂಗು. ಇನ್ನು ಮುಂದೆ ಕೊಂಬು ಎಂದರೆ ಇದೇ.

ಇನ್ನೊಂದು ವೇಷಧಾರಿಯಿದೆ. ಪಿಯರ್ಸನೋತೂರಿಯಾ ಗ್ರೇಫೈ ಎಂಬ ಕಡಲಸೌತೆಯ ಮರಿಗಳು ಬಿಳಿ ನೀಲಿ ಮೈ, ಕಪ್ಪು ಗೆರೆ, ಹಳದಿ ಮೊನೆಗಳೊಂದಿಗೆ ಫಿಲಿಡಿಯಾಗಳಂತೆಯೇ ಕಾಣುತ್ತವೆ. ಕೊಂಬುಗಳನ್ನು ಹುಡುಕಿ, ಇಲ್ಲದಿದ್ದರೆ ಅಲ್ಲಿಗೇ ಬಿಡಿ.

ಕೊಂಬು ಖಚಿತವಾಯಿತೆಂದರೆ ಬೆನ್ನು ನೋಡಿ. ಹಿಂಬದಿಯಲ್ಲಿ ಕಿವಿರುಗಳು ವೃತ್ತಾಕಾರದಲ್ಲಿ ಹೂವಿನಂತೆ ಅರಳಿದ್ದರೆ ಅದು ಡೋರಿಡ್ ಬಳಗ. ಬೆನ್ನ ತುಂಬ ಬೆರಳಿನಂತಹ ಎಸಳುಗಳಿದ್ದರೆ ಇಯೋಲಿಡ್ ಬಳಗ. ಹಾಗಲಕಾಯಿಯಂತಹ ಗಂಟುಮೈ, ಬೆನ್ನ ಮೇಲೆ ಕಿವಿರೇ ಕಾಣದಿದ್ದರೆ ಫಿಲಿಡಿಯಾ ಬಳಗ. ಅವುಗಳ ಕಿವಿರು ಹೊದಿಕೆಯ ಅಡಿಯಲ್ಲಿ, ಪಾದದ ಎರಡು ಪಕ್ಕದಲ್ಲಿ ಅಡಗಿರುತ್ತದೆ. ಹಸಿರು ಎಲೆಯಂತೆ ಕಂಡು ಪಾಚಿಯ ಮೇಲೆ ಕುಳಿತಿದ್ದರೆ ಎಲೀಸಿಯಾ ಇರಬಹುದು. ಅದು ನ್ಯೂಡಿಬ್ರಾಂಕ್ ಅಲ್ಲ, ದೂರದ ನೆಂಟ. ಪಾಚಿಯ ರಸ ಹೀರಿ ಅದರ ಹರಿತ್ತಿನ ಕಣಗಳನ್ನು ತನ್ನ ಮೈಯಲ್ಲಿ ಉಳಿಸಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರ. ಡೋರಿಡ್‌ಗಳಲ್ಲಿ ಅನೇಕವು ನೆರಳು ಬಿದ್ದೊಡನೆ ಕಿವಿರನ್ನು ಬೆನ್ನಿನ ಚೀಲದೊಳಗೆ ಎಳೆದುಕೊಳ್ಳುತ್ತವೆ. ಫೋಟೋದಲ್ಲಿ ಕಿವಿರಿಲ್ಲ ಎಂದರೆ ಹುಳುವಿಗೆ ಕಿವಿರಿಲ್ಲ ಎಂದಲ್ಲ. ಒಂದೆರಡು ನಿಮಿಷ ಅಲುಗಾಡದೆ ಕಾದರೆ ಮತ್ತೆ ಅರಳುತ್ತದೆ.

ನೀರಿನಲ್ಲಿ ಏನನ್ನು ಸೆರೆಹಿಡಿಯಬೇಕು

ಮುಳುಗುಗಾರರು ತರುವ ಫೋಟೋಗಳಲ್ಲಿ ಹತ್ತಕ್ಕೆ ಎಂಟು ಮೇಲಿನಿಂದ ತೆಗೆದವು. ಚೆಂದ ಕಾಣುವುದು ಅದೇ ಕೋನ, ಕಡಿಮೆ ಹೇಳುವುದೂ ಅದೇ ಕೋನ. ಒಂದು ಹುಳುವಿಗೆ ಕನಿಷ್ಠ ನಾಲ್ಕು ಚಿತ್ರ ಬೇಕೆಂದು ನಾನು ಹಟ ಹಿಡಿಯುತ್ತೇನೆ. ಮೇಲಿನಿಂದ ಇಡೀ ದೇಹ ಒಂದು. ಮುಂದಿನಿಂದ ಕೊಂಬುಗಳು, ಬುಡದಿಂದ ತುದಿಯವರೆಗೆ ಬಣ್ಣ ಹೇಗೆ ಬದಲಾಗುತ್ತದೆಂದು ತಿಳಿಯುವಷ್ಟು ಹತ್ತಿರ. ಕಿವಿರುಗಳು, ಸಾಧ್ಯವಾದರೆ ಪಕ್ಕದಿಂದ. ಕೊನೆಗೆ ಮಗ್ಗುಲಿನಿಂದ ಅಂಚು ಮತ್ತು ಪಾದ. ಹುಳು ಕಲ್ಲಿನ ತುದಿಯನ್ನು ದಾಟುವಾಗ ಒಂದು ಕ್ಷಣ ಪಾದದ ತಳ ಹೊರಗೆ ಕಾಣುತ್ತದೆ; ಆ ಕ್ಷಣ ಸಿಕ್ಕರೆ ಬಿಡಬೇಡಿ. ಹಾಗೆಂದು ಅದನ್ನು ಕಿತ್ತು ತಿರುವಿಹಾಕಬೇಡಿ. ಮೃದು ದೇಹ ಹರಿಯುತ್ತದೆ, ಅಲೆಯಲ್ಲಿ ಕಳೆದುಹೋದರೆ ತನ್ನ ಸ್ಪಂಜಿಗೆ ಮರಳಲಾಗದು. ನನಗೆ ಹೆಸರಿಗಿಂತ ಹುಳು ಮುಖ್ಯ.

ಬೆಳಕಿನ ವಿಷಯ ಮರೆಯಬಾರದು. ನೀರು ಮೊದಲು ನುಂಗುವುದು ಕೆಂಪನ್ನು. ಹತ್ತು ಮೀಟರ್ ಆಳ ತಲುಪುವಷ್ಟರಲ್ಲಿ ಕೆಂಪು ಬಹುಪಾಲು ಅಳಿಸಿಹೋಗಿ ಕಂದುಬಣ್ಣವೋ ಬೂದಿಬಣ್ಣವೋ ಆಗಿರುತ್ತದೆ, ಕಿತ್ತಳೆಯೂ ಮಂಕಾಗಿರುತ್ತದೆ. ಟಾರ್ಚ್ ಅಥವಾ ಫ್ಲ್ಯಾಶ್ ಇಲ್ಲದೆ ತೆಗೆದ ಚಿತ್ರದಲ್ಲಿ ‘ಅಂಚು ಕಿತ್ತಳೆಯಲ್ಲ’ ಎಂದು ತೀರ್ಮಾನಿಸಿದರೆ ತಪ್ಪಾಗುವುದೇ ಹೆಚ್ಚು. ಚಿತ್ರದ ಜೊತೆ ಆಳ, ತಾರೀಖು, ಉದ್ದದ ಅಂದಾಜು, ಯಾವುದರ ಮೇಲೆ ಕುಳಿತಿತ್ತು ಎಂಬುದನ್ನು ದೋಣಿಗೆ ಹತ್ತಿದ ಕೂಡಲೇ ಬರೆದುಕೊಳ್ಳಿ. ಊರಿಗೆ ಬಂದ ಮೇಲೆ ನೆನಪು ಎಲ್ಲವನ್ನೂ ಒಂದೇ ಬಂಡೆಯ ಮೇಲೆ ಕೂರಿಸುತ್ತದೆ.

ನೀರಿಗಿಳಿಯದವರೂ ಬರಿಗೈಯಲ್ಲಿ ಮರಳಬೇಕಾಗಿಲ್ಲ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರು ಸೇರಿದರೆ ಸೋಮೇಶ್ವರದ ಬಂಡೆಗಳಿವೆ, ಉಡುಪಿಯ ಕಡೆ ಕಾಪುವಿನ ದೀಪಸ್ತಂಭದ ಬಳಿ ಬಂಡೆಗಳಿವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚು; ಆಗ ಬಂಡೆಯ ಹೊಂಡಗಳಲ್ಲಿ ನೀರು ತಿಳಿಯಾಗಿ ನಿಂತಿರುತ್ತದೆ. ಮಳೆಗಾಲದಲ್ಲಿ ಮಾತ್ರ ಆ ಬಂಡೆಗಳ ಹತ್ತಿರ ಸುಳಿಯಬೇಡಿ.

ಹಾಗಲಕಾಯಿ ಮೈಯವು

ಅಕ್ಕನ ಮಗಳ ಮೂರು ಫೋಟೋಗಳು ಈ ಬಳಗದವು. ಹಿಂದೂ ಮಹಾಸಾಗರದಲ್ಲಿ ಮುಳುಗುವವರಿಗೆ ಬೇಗ ಕಣ್ಣಿಗೆ ಬೀಳುವುದೂ ಇವೇ, ಹಗಲಲ್ಲೇ ಬಂಡೆಯ ಮೇಲೆ ರಾಜಾರೋಷವಾಗಿ ಕುಳಿತಿರುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಕೊಂಬಿನ ಬಣ್ಣ. ಹಳದಿಯೋ ಹೊನ್ನಿನ ಬಣ್ಣವೋ ಆಗಿದ್ದರೆ ಬಹುಮಟ್ಟಿಗೆ ಫಿಲಿಡಿಯಾ ಕುಲ. ಕಪ್ಪಾಗಿದ್ದರೆ ಬಹುಮಟ್ಟಿಗೆ ಫಿಲಿಡಿಯೆಲ್ಲಾ ಕುಲ. ಮೈಯ ಬಣ್ಣ ಕೊನೆಗೆ ಎಂದವಳು ಇಲ್ಲಿ ಬಣ್ಣವನ್ನೇ ಹಿಡಿದೆನೆಂದು ಅನ್ನಿಸಬಹುದು. ಒಂದು ನಿರ್ದಿಷ್ಟ ಅಂಗದ ಬಣ್ಣ ಒಂದು ಗುರುತು. ಇಡೀ ಮೈ ಒಟ್ಟಾರೆ ಕೊಡುವ ಬಣ್ಣದ ಅನಿಸಿಕೆ ಬೇರೆ. ನಂಬಬಾರದು ಎನ್ನುವುದು ಎರಡನೆಯದನ್ನು.

ಹಳದಿ ಕೊಂಬಿನವುಗಳಲ್ಲಿ ಲಾಮಾರ್ಕ್ 1801ರಲ್ಲಿ ಹೆಸರಿಟ್ಟ ಫಿಲಿಡಿಯಾ ವೆರಿಕೋಸಾ ದೊಡ್ಡದು. ಬಲಿತರೆ 10 ಸೆಂಟಿಮೀಟರ್ ದಾಟುತ್ತದೆ. ಕಪ್ಪು ಮೈಯ ಮೇಲೆ ನೀಲಿಬೂದು ಏಣುಗಳು ಉದ್ದಕ್ಕೆ ಹರಿದಿರುತ್ತವೆ, ಏಣಿನ ಗಂಟುಗಳಿಗೆ ಹಳದಿ ಟೋಪಿ. ಅಂಚಿನಲ್ಲಿ ಸಣ್ಣ ಸಣ್ಣ ಏಣುಗಳು ಅಡ್ಡಡ್ಡಕ್ಕೆ ಇಳಿಯುತ್ತವೆ. ಪಾದದ ತಳದ ನಡುವೆ, ಬಾಯಿಯಿಂದ ಬಾಲದ ಕಡೆಗೆ, ಇಸ್ತ್ರಿ ಮಡಿಕೆಯಂತೆ ನೇರವಾದ ಒಂದು ಕಪ್ಪು ಗೆರೆ ಇರುತ್ತದೆ. ಅದೇ ಇದರ ಸಹಿ.

ಫಿಲಿಡಿಯಾ ಸೀಲೆಸ್ಟಿಸ್ ಮೇಲಿನಿಂದ ನೋಡಿದರೆ ಇದರ ತಮ್ಮನಂತೆ ಕಾಣುತ್ತದೆ. ಏಣುಗಳು ತಿಳಿನೀಲಿ, ಸಾಮಾನ್ಯವಾಗಿ ಮೂರೇ. ನಡುವಿನ ಏಣಿನ ಹಳದಿ ಗಂಟುಗಳು ದಪ್ಪ ಮತ್ತು ಬಿಡಿಬಿಡಿ. ಕೊಂಬುಗಳ ಹಿಂದೆ ಕಪ್ಪು ಪಟ್ಟೆಗಳು ಸೇರುವ ಜಾಗದಲ್ಲಿ ಕವಣೆಯ ಕವಲಿನಂತಹ ಆಕಾರ ಕಾಣುತ್ತದೆ. ಪಾದದ ತಳ ಬರಿದು, ಗೆರೆಯಿಲ್ಲ. ಏಣುಗಳನ್ನು ಎಣಿಸಿದರೆ ಸಾಕಲ್ಲವೇ ಎಂದು ನನಗೂ ಅನ್ನಿಸಿತ್ತು. ಆದರೆ ವೆರಿಕೋಸಾದ ಮರಿಗಳಲ್ಲೂ ಏಣುಗಳು ಕಡಿಮೆ, ಬೆಳೆದಂತೆ ಹೆಚ್ಚುತ್ತವೆ. ನನ್ನ ನಾಲ್ಕು ವರ್ಷದ ತಪ್ಪು ಹುಟ್ಟಿದ್ದು ಇಲ್ಲೇ: ಸೀಲೆಸ್ಟಿಸ್‌ಗಳನ್ನು ಕಂಡಾಗಲೆಲ್ಲ ‘ವೆರಿಕೋಸಾದ ಮರಿ’ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಫಿಲಿಡಿಯಾ ಎಲೆಗನ್ಸ್‌ನ ಅಂಗಾಲಿನಲ್ಲಿಯೂ ಕಪ್ಪು ಗೆರೆಯಿದೆ, ಹಾಗಾಗಿ ಗೆರೆ ಕಂಡೊಡನೆ ವೆರಿಕೋಸಾ ಎಂದು ಬರೆಯುವಂತಿಲ್ಲ. ಎಲೆಗನ್ಸ್‌ನ ಮೈ ನೀಲಿಗಿಂತ ನಸುಗುಲಾಬಿ, ಬಿಳಿಬೂದಿನ ಕಡೆ ವಾಲುತ್ತದೆ, ಕಪ್ಪು ಗೆರೆಗಳು ಬಲೆಯಂತೆ ಹೆಣೆದುಕೊಂಡು ಅಂಚಿನ ಕಡೆ ಕಿರಣಗಳಂತೆ ಚಾಚುತ್ತವೆ. ಫಿಲಿಡಿಯಾ ಓಸಿಲೇಟಾ ಮಾತ್ರ ಗುಂಪಿನಲ್ಲಿ ಎದ್ದುಕಾಣುತ್ತದೆ: ಹೊನ್ನಿನ ಮೈ, ಕಪ್ಪು ಉಂಗುರಗಳೊಳಗೆ ಗಂಟು. ಉಂಗುರಗಳ ಸಂಖ್ಯೆ, ಆಕಾರ ಒಂದೊಂದರಲ್ಲಿ ಒಂದೊಂದು ಬಗೆ. ಅದಕ್ಕಾಗಿ ಹೊಸ ಹೆಸರು ಹುಡುಕಬೇಡಿ.

ಕಪ್ಪು ಕೊಂಬಿನ ಕಡೆಗೆ ಬಂದರೆ ಫಿಲಿಡಿಯೆಲ್ಲಾ ಪಸ್ಟುಲೋಸಾದಲ್ಲಿ ಹಳದಿ ಟೋಪಿಯಿಲ್ಲ. ಗುಲಾಬಿ ಅಥವಾ ಹಸಿರು ಛಾಯೆಯ ಗಂಟುಗಳು ಎರಡು ಮೂರು ಒಟ್ಟಾಗಿ ಗುಂಪುಗುಂಪಾಗಿ ಕೂಡಿರುತ್ತವೆ. ಫಿಲಿಡಿಯೆಲ್ಲಾ ಜೈಲಾನಿಕಾದಲ್ಲಿ ಗಂಟುಗಳು ಕೂಡಿಕೊಂಡು ಉದ್ದನೆಯ ಗುಲಾಬಿ ಏಣುಗಳಾಗಿ, ಹೊರಗಿನವು ಮುಂದೆ ಹಿಂದೆ ಸೇರಿ ಬಳೆಯಂತೆ ಸುತ್ತುವರಿಯುತ್ತವೆ. ಸಿಂಹಳದಲ್ಲಿ ಹುಟ್ಟಿದ ವೈದ್ಯ ಕೆಲಾರ್ಟ್ 1859ರಲ್ಲಿ ಇದನ್ನು ವಿವರಿಸಿದ, ಊರಿನ ಹೆಸರೇ ಹುಳುವಿಗೆ ಉಳಿಯಿತು. ಫಿಲಿಡಿಯೆಲ್ಲಾ ನೈಗ್ರಾದಲ್ಲಿ ಗುಂಡನೆಯ ಗಂಟುಗಳು ಒಂಟೊಂಟಿಯಾಗಿ, ಆದರೆ ಒತ್ತಾಗಿ ಹರಡಿರುತ್ತವೆ. ಅಂದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗಂಟುಗಳು ಒಂಟಿಯೇ, ಗುಂಪೇ, ಸಾಲೇ?

ಈ ಬಳಗದ ಯಾವುದನ್ನೂ ಮೀನುಗಳಿರುವ ಪಾತ್ರೆಗೆ ಹಾಕಬೇಡಿ. ಕೆರಳಿದರೆ ಅದು ಬಿಡುವ ಲೋಳೆ ಜೊತೆಗಿರುವ ಮೀನುಗಳನ್ನು ಕೊಲ್ಲುತ್ತದೆ.

ಕಪ್ಪು ಗೆರೆ, ನೀಲಿ ಒಡಲು, ಕಿತ್ತಳೆ ಅಂಚು

ಬಾಲಿಯ ಫೋಟೋಗಳ ತಲೆನೋವು ಇದು. ಕ್ರೋಮೋಡೋರಿಸ್ ಕುಲದಲ್ಲಿ ನೀಲಿ ಮೈ, ಉದ್ದನೆಯ ಕಪ್ಪು ಗೆರೆಗಳಿರುವ ಜಾತಿಗಳು ಹಲವಾರು. ಇಲ್ಲಿ ಸೀರೆ ನೋಡುವಂತೆ ನೋಡಬೇಕು. ಇಳಕಲ್ ಸೀರೆಯನ್ನು ಒಡಲಿನ ಬಣ್ಣದಿಂದ ಯಾರೂ ಗುರುತಿಸುವುದಿಲ್ಲ. ಅಂಚು, ಸೆರಗು ಹೇಳುತ್ತವೆ. ಇವುಗಳಲ್ಲೂ ಅಂಚನ್ನು ಹೊರಗಿನಿಂದ ಒಳಕ್ಕೆ ಪಟ್ಟೆ ಪಟ್ಟೆಯಾಗಿ ಓದಿ ಬರೆದುಕೊಳ್ಳಿ.

ಕ್ರೋಮೋಡೋರಿಸ್ ಆ್ಯನೆಯ ಅಂಚು ಕಿತ್ತಳೆ, ಒಳಗೆ ಬಿಳಿ, ಬಳಿಕ ಕಪ್ಪು ಗೆರೆ, ಅದರೊಳಗೆ ನೀಲಿ. ಆ ನೀಲಿಯನ್ನು ದೊಡ್ಡದು ಮಾಡಿ ನೋಡಿದರೆ ಮಸಿ ಸಿಂಪಡಿಸಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಕ್ರೋಮೋಡೋರಿಸ್ ಎಲಿಸಬೆಥೀನಾದಲ್ಲಿ ಆ ಸಿಂಪಡಣೆಯಿಲ್ಲ. ನೀಲಿಯ ನಡುವೆ ಹೆಚ್ಚುವರಿ ಕಪ್ಪು ಗೆರೆಗಳು ಓಡುತ್ತವೆ. ಕ್ರೋಮೋಡೋರಿಸ್ ಮ್ಯಾಗ್ನಿಫಿಕಾದ ಕಿತ್ತಳೆ ಪಟ್ಟೆಗೆ ಒಳಗೂ ಬಿಳಿ, ಹೊರಗೂ ಬಿಳಿ. ಮೊದಲ ಎರಡನ್ನೂ ಹೆಸರಿಸಿದ್ದು ಡೆನ್ಮಾರ್ಕಿನ ಪ್ರಾಣಿವಿಜ್ಞಾನಿ ಬರ್ಗ್, 1877ರಲ್ಲಿ. ಅಂದಿನಿಂದಲೂ ಜನ ಇವೆರಡನ್ನು ಅದಲುಬದಲು ಮಾಡುತ್ತಲೇ ಇದ್ದಾರೆ.

ಕಿತ್ತಳೆ ಅಂಚಿಲ್ಲದ ಮೂವರಿದ್ದಾರೆ: ಲೋಖಿ, ವಿಲ್ಲಾನಿ, ಡಯಾನೆ. ಮೂರೂ ಪಶ್ಚಿಮ ಪೆಸಿಫಿಕ್ ಕಡೆಯವು. ಬೆನ್ನು ನೋಡಿದರೆ ಅವಳಿಗಳು, ಕೊಂಬು ಕಿವಿರು ನೋಡಿದರೆ ಪ್ರತ್ಯೇಕ. ಲೋಖಿಯ ಕೊಂಬು ಕಿವಿರುಗಳು ಚುಕ್ಕೆಯಿಲ್ಲದ ಒಂದೇ ನಸುಬಣ್ಣ, ಹುಲ್ಲಿನಂತೆಯೋ ತಿಳಿಗುಲಾಬಿಯೋ. ವಿಲ್ಲಾನಿಯ ಕೊಂಬು ಕಿವಿರುಗಳ ಮೇಲೆ ಸಕ್ಕರೆ ಉದುರಿಸಿದಂತೆ ಬಿಳಿ ಕಣಗಳು. ಡಯಾನೆಯಲ್ಲಿ ಆ ಬಿಳಿ ಕಣಗಳು ಬೆನ್ನ ಮೇಲಿರುತ್ತವೆ, ಕಿವಿರಿನ ತುದಿಗಳು ಕಿತ್ತಳೆ ಹಳದಿ. ಅಕ್ಕನ ಮಗಳ ಬಳಿ ವಿಲ್ಲಾನಿಯ ಒಂದು ಚಿತ್ರವಿದೆ. ಕಿವಿರಿನ ಒಂದೊಂದು ಎಳೆಯಲ್ಲೂ ಆ ಬಿಳಿ ಕಣಗಳನ್ನು ಎಣಿಸಬಹುದು. ಮುಂಜಾನೆ ಜೇಡರಬಲೆಯ ಮೇಲೆ ಮಂಜು ನಿಂತ ಹಾಗೆ. ಆ ಒಂದು ಚಿತ್ರಕ್ಕಾಗಿ ಅವಳು ಎಷ್ಟು ಹೊತ್ತು ಕಾದಿದ್ದಳೆಂದು ಕೇಳಿದರೆ, ಗಾಳಿಯ ಸಿಲಿಂಡರ್ ಅರ್ಧಕ್ಕಿಳಿಯುವ ತನಕ ಎಂದಳು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಲಾಗದು. ಈ ಕುಲದ ಹುಳುಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾದಾಗ, ಒಂದೇ ಜಾತಿ ಬೇರೆ ಬೇರೆ ಕಡೆ ಬೇರೆ ಬೇರೆ ವೇಷ ತಾಳುವುದೂ, ಬೇರೆ ಜಾತಿಗಳು ಒಂದೇ ವೇಷದಲ್ಲಿ ಒಟ್ಟಿಗಿರುವುದೂ ಸ್ಪಷ್ಟವಾಯಿತು. ಆದ್ದರಿಂದ ಮೇಲಿನ ಗುರುತುಗಳನ್ನು ದೊಡ್ಡ ಸಾಧ್ಯತೆಗಳೆಂದು ಹಿಡಿಯಿರಿ. ಫೋಟೋ ಎಲ್ಲಿಯದು ಎಂಬುದೂ ಒಂದು ಗುರುತೇ: ಕೆಂಪು ಸಮುದ್ರ, ಪೂರ್ವ ಆಫ್ರಿಕಾದ ಕಡೆ ಇಂಥ ವೇಷ ಕಂಡರೆ ಕ್ವಾಡ್ರಿಕಲರ್ ಎಂಬ ಮತ್ತೊಂದು ಜಾತಿಯನ್ನು ಮೊದಲು ನೆನೆಯಬೇಕು.

ಇನ್ನು ಕೆಲವು ಜೋಡಿಗಳು

ಹಿಪ್ಸೆಲೋಡೋರಿಸ್ ಇನ್‌ಫ್ಯೂಕೇಟಾ ಮತ್ತು ಹಿಪ್ಸೆಲೋಡೋರಿಸ್ ಕಂಗಾ ಎರಡಕ್ಕೂ ಬೂದುನೀಲಿ ಮೈ, ಹಳದಿ ಮತ್ತು ಕಡುನೀಲಿ ಚುಕ್ಕೆ. ಕಿವಿರು ನೋಡಿದರೆ ಮುಗಿಯಿತು. ಇನ್‌ಫ್ಯೂಕೇಟಾದ ಬಿಳಿ ಕಿವಿರಿಗೆ ಕೆಂಪು ಗೆರೆ ಮಾತ್ರ. ಕಂಗಾದ ಕಿವಿರಿನ ಹೊರಮೈಯಲ್ಲಿ ಹಳದಿ ಚುಕ್ಕೆಗಳೂ ಇವೆ. ನೆಂಬ್ರೋಥಾ ಕುಲದ ಕಪ್ಪು ಹಸಿರಿನ ಎರಡರಲ್ಲಿ ಕುಬರಿಯಾನಾದ ಕೊಂಬು, ಪಾದದ ಅಂಚುಗಳಲ್ಲಿ ಕೆಂಪು ಕಿತ್ತಳೆ ಇರುತ್ತದೆ, ಕ್ರಿಸ್ಟೇಟಾದಲ್ಲಿ ಕೆಂಪಿನ ಸುಳಿವೇ ಇಲ್ಲ.

ದಡದಲ್ಲಿ ನಡೆಯುವವರಿಗೆ ಸಿಗಬಹುದಾದದ್ದು ನೀಲಿ ಗ್ಲಾಕಸ್. ತೆರೆದ ಕಡಲಲ್ಲಿ ಅಂಗಾತ ತೇಲುವ ಈ ಪುಟ್ಟ ಹುಳು ಗಾಳಿ ಬೀಸಿದಾಗ ದಡಕ್ಕೆ ಬೀಳುತ್ತದೆ. ಗ್ಲಾಕಸ್ ಅಟ್ಲಾಂಟಿಕಸ್‌ನಲ್ಲಿ ಬೆರಳುಗಳು ಒಂದೇ ಸಾಲಿನಲ್ಲಿ ಬೀಸಣಿಗೆಯಂತೆ ಹರಡಿರುತ್ತವೆ. ಮಾರ್ಜಿನೇಟಸ್‌ನಲ್ಲಿ ಒಂದರ ಮೇಲೊಂದು ಸಾಲುಗಳಾಗಿ ಕಂತೆ ಕಟ್ಟಿರುತ್ತವೆ. ತಾನು ತಿಂದ ಕುಟುಕುವ ಜೀವಿಗಳ ಮುಳ್ಳುಕೋಶಗಳನ್ನು ಅದು ಬೆರಳ ತುದಿಯಲ್ಲಿ ಕೂಡಿಟ್ಟಿರುತ್ತದೆ. ಮಕ್ಕಳು ಅಂಗೈಯಲ್ಲಿ ಎತ್ತಿಕೊಳ್ಳದಂತೆ ನೋಡಿಕೊಳ್ಳಿ, ಸತ್ತಂತೆ ಕಂಡರೂ.

ಹೆಸರು ಬರೆಯುವಾಗ

ಹಳೆಯ ಪುಸ್ತಕದ ಹೆಸರು ಹೊಸ ಪಟ್ಟಿಯಲ್ಲಿ ಸಿಗದಿದ್ದರೆ ಗಾಬರಿ ಬೇಡ. 2012ರಲ್ಲಿ ಕ್ರೋಮೋಡೋರಿಸ್ ಬಳಗವನ್ನೇ ಹೊಸದಾಗಿ ಹಂಚಲಾಯಿತು. ಆಗ ಅನೇಕ ಜಾತಿಗಳು ಗೋನಿಯೋಬ್ರಾಂಕಸ್ ಕುಲಕ್ಕೆ ಹೋದವು, ಕಪ್ಪು ನಿರಿಗೆಯಂಚಿನ ಗ್ಲಾಸೋಡೋರಿಸ್ ಅಟ್ರೋಮಾರ್ಜಿನೇಟಾ ಡೋರಿಪ್ರಿಸ್ಮಾಟಿಕಾ ಆಯಿತು. ಉದ್ದನೆಯ ನೀಲಿ ಇಯೋಲಿಡ್ ಟೆರಿಯೋಲಿಡಿಯಾ ಅಯಾಂಥಿನಾ ಎಂದು ಎಲ್ಲ ಕಡೆ ಬರೆದಿತ್ತು. 2015ರ ಬಳಿಕ ಆ ಹೆಸರು ಆಸ್ಟ್ರೇಲಿಯಾದ ಆಗ್ನೇಯ ತೀರದ್ದಕ್ಕೆ ಮಾತ್ರ, ಉಷ್ಣವಲಯದ್ದು ಸೆಂಪೆರಿ. ಚಿತ್ರದ ಕೆಳಗೆ ಹೆಸರಿನ ಜೊತೆ ಯಾವ ಗುರುತಿನ ಮೇಲೆ ಆ ಹೆಸರು ಕೊಟ್ಟಿರಿ ಎಂಬುದನ್ನೂ ಒಂದು ಸಾಲು ಬರೆದಿಡಿ. ನಾಳೆ ಹೆಸರು ಬದಲಾದರೂ ಗುರುತು ಬದಲಾಗದು. ಮೊಬೈಲ್ ಆ್ಯಪ್‌ಗಳು ಹೇಳುವ ಹೆಸರನ್ನು ಒಂದು ಸುಳಿವಾಗಿ ತೆಗೆದುಕೊಳ್ಳಿ, ತೀರ್ಪಾಗಿ ಬೇಡ. ಅವು ಹೆಚ್ಚಾಗಿ ನೋಡುವುದು ನೀವು ಕೊಟ್ಟ ಆ ಮೇಲಿನ ಚಿತ್ರವನ್ನೇ. ಗುರುತು ಸಾಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ. ‘ಫಿಲಿಡಿಯಾ, ಜಾತಿ ತಿಳಿಯದು’ ಎಂಬುದು ಪ್ರಾಮಾಣಿಕ ದಾಖಲೆ, ಮುಂದೆ ನೋಡುವವರಿಗೆ ಉಪಯೋಗಕ್ಕೂ ಬರುತ್ತದೆ.

ಆ ಸಂಜೆಯ ಮೂರು ಫೋಟೋಗಳಲ್ಲಿ ಒಂದರಲ್ಲಿ ಹುಳು ಕಲ್ಲಿನ ತುದಿಗೆ ಬಂದಿತ್ತು. ಚಿತ್ರವನ್ನು ಹಿಗ್ಗಿಸಿದಾಗ ಬಾಗಿದ ಪಾದದ ನಡುವೆ ಕಪ್ಪು ಗೆರೆಯ ಒಂದು ತುಣುಕು ಸಿಕ್ಕಿತು, ಅಂಚಿನ ಅಡ್ಡ ಏಣುಗಳೂ ಇದ್ದವು; ವೆರಿಕೋಸಾ ಎಂದು ಬರೆದೆವು. ಇನ್ನೊಂದರಲ್ಲಿ ಕೊಂಬುಗಳ ಹಿಂದಿನ ಕವಲು, ಮೂರೇ ತಿಳಿನೀಲಿ ಏಣು, ನಡುವಿನ ಬಿಡಿ ಗಂಟುಗಳು ಎಲ್ಲವೂ ಒಪ್ಪಿದವು. ಸೀಲೆಸ್ಟಿಸ್ ಎಂದು ಬರೆದು ‘ಅಂಗಾಲು ನೋಡಿಲ್ಲ’ ಎಂದು ಪಕ್ಕದಲ್ಲಿ ಸೇರಿಸಿದಳು. ಮೂರನೆಯದು ಮಸುಕು. ಅದರ ಕೆಳಗೆ ‘ಫಿಲಿಡಿಯಾ’ ಎಂದಷ್ಟೇ ಬರೆದು ಮುಂದೆ ಜಾಗ ಬಿಟ್ಟಿದ್ದಾಳೆ. ಅಕ್ಟೋಬರಿನಲ್ಲಿ ನೇತ್ರಾಣಿಗೆ ದೋಣಿಗಳು ಮತ್ತೆ ಹೊರಡುವಾಗ, ಕಾಫಿ ಕೊಯ್ಲು ಶುರುವಾಗುವ ಮೊದಲು, ಅದೇ ಬಂಡೆಯ ಬಳಿಗೆ ಹೋಗುತ್ತಾಳಂತೆ.